ಪಟ್ಟು ಹೆಚ್ಚಿದರೆ ಪೈಲ್ವಾನ ಬೆಳೆದನೆ?

ಬೆಟಗೇರಿಯ ನಮ್ಮ ಓಣಿಯ ಹುಡುಗನೊಬ್ಬ ‘ನರುಟೊ’ ನೋಡಿ ಮುಗಿಸಿದ. 2002ರಿಂದ 2017ರವರೆಗೆ ಜಪಾನಿನ ಟಿ.ವಿ.ಯಲ್ಲಿ ಹರಿದು ಬಂದ ಅನಿಮೆ ಅದು. ಮೊದಲ ಸರಣಿಯಲ್ಲಿ 220 ಕಂತು, ಎರಡನೆಯದರಲ್ಲಿ 500. ಅಷ್ಟನ್ನೂ ಮೊಬೈಲಿನಲ್ಲಿ ಅರೆದು ಕುಡಿದವನು ನನ್ನ ಹತ್ತಿರ ಬಂದು, ‘ಅಂವ ಎಷ್ಟ್ ಬೆಳದಾನ ಗೊತ್ತೇನ್ರಿ?’ ಅಂದ. ಹೇಗೆ ಬೆಳೆದ ಎಂದೆ. ಹುಡುಗ ಬೆರಳು ಮಡಚಿ ಎಣಿಸತೊಡಗಿದ: ಮೊದಲು ಈ ವಿದ್ಯೆ, ಆಮೇಲೆ ಆ ವಿದ್ಯೆ, ಮೈಯೊಳಗೆ ಸೆರೆಯಿದ್ದ ಒಂಬತ್ತು ಬಾಲದ ನರಿಯ ಬಲ, ಕಡೆಗೆ ಪುರಾತನ ಋಷಿಯೊಬ್ಬ ಕೊಟ್ಟ ಶಕ್ತಿ.

‘ಇವೆಲ್ಲ ಅವನಿಗೆ ಸಿಕ್ಕವು. ಅವನು ಬೆಳೆದದ್ದು ಎಲ್ಲಿ?’

ಹುಡುಗ ಒಂದು ಗಳಿಗೆ ಸುಮ್ಮನಿದ್ದು, ‘ಹಂಗ ನೋಡಿದ್ರ ರಾಕ್ ಲೀನ ಬೇಸಿ’ ಅಂದ.

ಆ ಒಂದು ಮಾತಿನಲ್ಲಿ ಅವನು ನನಗಿಂತ ಮುಂದೆ ಹೋಗಿದ್ದ. ರಾಕ್ ಲೀ ಎಂಬವನಿಗೆ ನಿಂಜಾಗಳ ಮಾಯಾವಿದ್ಯೆ ಒಂದೂ ಬರದು; ಗೊತ್ತಿರುವುದು ಕೈಕಾಲಿನ ಕಾಳಗ ಮಾತ್ರ. ಗಾರ ಎಂಬ ಮರಳುವಿದ್ಯೆಯವನ ಎದುರು ಅವನು ಕಾಲಿಗೆ ಕಟ್ಟಿಕೊಂಡಿದ್ದ ಭಾರ ಕಳಚಿ, ಪ್ರಾಣವನ್ನೇ ಪಣಕ್ಕಿಟ್ಟು ಹೊಡೆದಾಡುತ್ತಾನೆ. ಕೈಕಾಲು ನುಜ್ಜಾಗುತ್ತವೆ. ಪ್ರಜ್ಞೆ ತಪ್ಪಿದ ಮೇಲೂ ಎದ್ದು ನಿಲ್ಲುತ್ತಾನೆ, ಆದರೂ ಸೋಲುತ್ತಾನೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಉಳಿಯುವ ಸಂಭವ ಅರ್ಧಕ್ಕರ್ಧ ಎಂದು ತಿಳಿದಾಗ ಅವನ ಮುಖದಲ್ಲಿ ಕಾಣುವ ಭಯ ಇಡೀ ಸರಣಿಯಲ್ಲೇ ಅತ್ಯಂತ ನಿಜವಾದ ಭಯ. ಆದರೆ ಆ ಕಥೆಗೆ ಅವನು ಮುಂದೆ ಹೆಚ್ಚು ಬೇಕಾಗಲಿಲ್ಲ. ಮೂಲೆಗೆ ಬಿದ್ದ.

ಗರಡಿಮನೆಯಲ್ಲಿ ವಸ್ತಾದ ಪಟ್ಟು ಕಲಿಸುತ್ತಾನೆ. ನೂರು ಪಟ್ಟು ಕಲಿತವನು ಹತ್ತು ಪಟ್ಟಿನವನನ್ನು ಚಿತ್ತು ಮಾಡಬಹುದು. ಹಾಗೆಂದು ನೂರು ಪಟ್ಟಿನವನು ದೊಡ್ಡ ಮನುಷ್ಯನಾದನೆಂದು ಯಾವ ವಸ್ತಾದನೂ ಹೇಳುವುದಿಲ್ಲ. ಕಾಳಗದ ಕಥೆಗಳಿಗೆ ಮಾತ್ರ ಈ ಭ್ರಮೆ ಬೇಗ ಅಂಟಿಕೊಳ್ಳುತ್ತದೆ. ಎದುರಾಳಿ ಪ್ರತಿ ಸಲ ಇನ್ನೂ ಬಲಿಷ್ಠ, ನಾಯಕನೂ ಪ್ರತಿ ಸಲ ಇನ್ನೂ ಬಲಿಷ್ಠ. ನೋಡುವವರಿಗೆ ಏಣಿ ಹತ್ತಿದ ಹಾಗೆ ಕಾಣುತ್ತದೆ, ಹತ್ತಿದವನು ಅದೇ ಮನುಷ್ಯನಾಗಿ ಉಳಿದಿರುತ್ತಾನೆ. ಈ ರೋಗಕ್ಕೆ ಜಪಾನೇ ಬೇಕಿಲ್ಲ. ಯುದ್ಧದ ದೊಡ್ಡ ಕಥೆ ಹೇಳಹೊರಟ ನಮ್ಮ ಕವಿಗಳೂ ಇದನ್ನು ಎದುರಿಸಿದರು. ವಿಚಿತ್ರವೆಂದರೆ, ಅವರಲ್ಲಿ ಮೂವರ ಹೆಜ್ಜೆಗಳು ಇದೇ ಗದಗ ಸೀಮೆಯಲ್ಲಿವೆ.

ಪಂಪ ‘ವಿಕ್ರಮಾರ್ಜುನ ವಿಜಯ’ ಮುಗಿಸಿದ್ದು 941ರಲ್ಲಿ. ತನ್ನ ಕಾವ್ಯ ಪುಲಿಗೆರೆಯ ತಿರುಳುಗನ್ನಡದಲ್ಲಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದ ಅತ್ತಿಮಬ್ಬೆಯ ಬಸದಿ ಗದಗಿನ ಪಕ್ಕದ ಲಕ್ಕುಂಡಿಯಲ್ಲಿದೆ. ಆ ರನ್ನನೇ ‘ಗದಾಯುದ್ಧ’ದ ಕವಿ. ಇನ್ನು ಕುಮಾರವ್ಯಾಸ ಗದಗಿನ ವೀರನಾರಾಯಣನ ಗುಡಿಯಲ್ಲಿ, ಒದ್ದೆಬಟ್ಟೆಯಲ್ಲಿ ಕಂಬಕ್ಕೊರಗಿ ಕುಳಿತು, ಬಟ್ಟೆ ಆರುವವರೆಗೆ ಪದ್ಯ ಹೇಳುತ್ತಿದ್ದನೆಂದು ಊರು ಇಂದಿಗೂ ನಂಬುತ್ತದೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ.

ಮೂವರಿಗೂ ಒಬ್ಬೊಬ್ಬ ಗೆಲ್ಲಲೇಬೇಕಾದ ನಾಯಕನಿದ್ದ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿದ. ರನ್ನ ಚಾಲುಕ್ಯರ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ. ಕುಮಾರವ್ಯಾಸನಿಗೆ ದೊರೆಯ ಹಂಗಿರಲಿಲ್ಲ, ಆದರೆ ಅವನ ದೃಷ್ಟಿಯಲ್ಲಿ ಭಾರತವೆಂಬುದು ಕೃಷ್ಣನ ಕಥೆ. ಅಂದಮೇಲೆ ಅರ್ಜುನನಿಗಾಗಲಿ ಭೀಮನಿಗಾಗಲಿ ಕೆಡುವ ಸ್ವಾತಂತ್ರ್ಯ ಎಲ್ಲಿಯದು? ದೊರೆಯ ಮುಖವಾಡ ಹೊತ್ತ ನಾಯಕ ದೊಡ್ಡ ತಪ್ಪು ಮಾಡುವ ಹಾಗಿಲ್ಲ, ತಪ್ಪು ಮಾಡದವನು ಬದಲಾಗುವ ಹಾಗಿಲ್ಲ. ಕವಿಯ ಜೀವ ಅಲ್ಲಿ ಉಸಿರುಗಟ್ಟಿ ಬೇರೆ ಕಡೆ ದಾರಿ ಹುಡುಕಿತು. ಪಂಪ ಕೊನೆಗೆ ಕರ್ಣನನ್ನು ನೆನೆಯಿರೆಂದು ನಮ್ಮನ್ನೇ ಕೇಳಿಕೊಂಡ. ರನ್ನ ಭೀಮನಿಗೆ ಗೆಲುವನ್ನು ಕೊಟ್ಟು, ಕಾವ್ಯವನ್ನು ದುರ್ಯೋಧನನಿಗೆ ಕೊಟ್ಟ. ಕುಮಾರವ್ಯಾಸನ ಕರ್ಣನ ಮಾತು ಮುಂದೆ ಬರುತ್ತದೆ. ಪೋಷಣೆ ಗೆದ್ದವನಿಗೆ, ಬೆಳವಣಿಗೆ ಸೋತವನಿಗೆ.

ಜಪಾನಿನಲ್ಲಿ ಅರಿಕೇಸರಿಯ ಜಾಗದಲ್ಲಿ ಕೂತಿರುವವನು ಓದುಗ. ‘ನರುಟೊ’ ಮತ್ತು ಅದಕ್ಕಿಂತ ಹಿಂದಿನ ‘ಡ್ರ್ಯಾಗನ್ ಬಾಲ್’ ಎರಡೂ ಮೊದಲು ಚಿತ್ರಕಥೆಯಾಗಿ ಬಂದದ್ದು ಒಂದೇ ವಾರಪತ್ರಿಕೆಯಲ್ಲಿ. ಓದುಗರ ಮತ ಇಳಿದರೆ ಕಥೆಯ ಆಯುಷ್ಯವೂ ಇಳಿಯುವ ಪತ್ರಿಕೆ ಅದು. ಮುಂದಿನ ವಾರ ಮತ್ತೆ ಬೇಕಾದ ನಾಯಕನನ್ನು ಈ ವಾರ ಮುರಿಯುವ ಹಾಗಿಲ್ಲ. ‘ಡ್ರ್ಯಾಗನ್ ಬಾಲ್’ ಬರೆದ ಅಕಿರ ತೊರಿಯಾಮ ನಾಯಕ ಗೊಕುವಿನ ಜಾಗವನ್ನು ಅವನ ಮಗ ಗೊಹಾನನಿಗೆ ಬಿಟ್ಟುಕೊಡಲು ಹೊರಟು, ಮತ್ತೆ ಗೊಕುವಿನ ಹತ್ತಿರವೇ ಬಂದ. ಅಲ್ಲಿಯೂ ನಿಜವಾಗಿ ಬೆಳೆದವನು ಎದುರಾಳಿ ವೆಜೀಟ. ರಾಜಕುಮಾರನೆಂಬ ಸೊಕ್ಕಿನಲ್ಲಿ ಬಂದವನು, ಕೊನೆಗೊಮ್ಮೆ ಗೊಕುವೇ ತನಗಿಂತ ಮೇಲೆಂದು ತನಗೆ ತಾನೇ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆ ಅವನಿಗೆ ಯಾವ ಹೊಸ ಬಲವನ್ನೂ ಕೊಡುವುದಿಲ್ಲ. ಅದಕ್ಕೇ ಅದು ಬೆಳವಣಿಗೆ.

ಆದರೆ ಆ ಕಥೆಯಲ್ಲಿ ಏಳು ಮಾಂತ್ರಿಕ ಗುಂಡುಗಳನ್ನು ಕೂಡಿಸಿದರೆ ಸತ್ತವರು ಎದ್ದು ಬರುತ್ತಾರೆ. ಸಾವು ತಿರುಗಿ ಬರುವ ಸಾಲವಾದಾಗ ದುಃಖದ ತೂಕ ಇಳಿಯುತ್ತದೆ. ರನ್ನನ ದುರ್ಯೋಧನನನ್ನು ಪಕ್ಕದಲ್ಲಿಟ್ಟು ನೋಡಿ. ಹೆಣಗಳ ನಡುವೆ ಸಂಜಯನ ಜತೆ ನಡೆಯುತ್ತ ಅವನು ದ್ರೋಣನನ್ನು, ಮಗ ಲಕ್ಷಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಾಣುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಎದುರು ನಿಂತಾಗಲೂ ಅವನ ಬಾಯಿಂದ ಹೊರಡುವುದು ಮೆಚ್ಚುಗೆ. ಇಲ್ಲಿ ಯಾರೂ ಏಳುವುದಿಲ್ಲ. ಗದೆಯ ಬಲ ಒಂದು ತೊಲದಷ್ಟೂ ಹೆಚ್ಚಲಿಲ್ಲ, ಆದರೆ ಆ ನಡಿಗೆ ಮುಗಿಯುವಷ್ಟರಲ್ಲಿ ಅವನು ಬೇರೆ ಮನುಷ್ಯ.

ಈಗ ಹುಟ್ಟಿನ ಗುಟ್ಟಿನ ವಿಚಾರಕ್ಕೆ ಬರೋಣ. ನರುಟೊ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದ ಅನಾಥ ಹುಡುಗ. ಹಣೆಬರಹ ಬದಲಾಗದು ಎನ್ನುವ ನೆಜಿಯನ್ನು ಅವನು ಸೋಲಿಸುವುದೇ ಕಥೆಯ ಮೊದಲ ದೊಡ್ಡ ವಾದ: ಹುಟ್ಟಿಗಿಂತ ದುಡಿಮೆ ದೊಡ್ಡದು. ಮುಂದೆ ತಿಳಿಯುವುದೇನು? ಅವನು ನಾಲ್ಕನೆಯ ಹೊಕಾಗೆಯ, ಎಂದರೆ ಊರಿನ ಮುಖ್ಯಸ್ಥನ ಮಗ. ಸಾಲದೆಂಬಂತೆ ಪುರಾತನ ಋಷಿಪುತ್ರನ ಪುನರ್ಜನ್ಮ. ಗುಟ್ಟು ಹೊರಬಿದ್ದಾಗಲೆಲ್ಲ ಅವನ ಬಲ ಏರುತ್ತದೆ, ವಾದ ಕುಸಿಯುತ್ತದೆ.

ಕುಮಾರವ್ಯಾಸನ ಕರ್ಣನಿಗೂ ಹುಟ್ಟಿನ ಗುಟ್ಟು ತಿಳಿಯುತ್ತದೆ. ಕೃಷ್ಣ ಅವನನ್ನು ರಥದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಹೇಳುತ್ತಾನೆ: ನೀನು ಕುಂತಿಯ ಮಗ. ರಾಜ್ಯವೇ ಬಂದು ಕೈಗೆ ಸೇರುವ ಸುದ್ದಿ ಅದು, ಆದರೆ ಅವನ ಕೊರಳು ಬಿಗಿಯುತ್ತದೆ. ನಂಬಿದ ದುರ್ಯೋಧನನನ್ನು ಬಿಡಲಾರ, ತಮ್ಮಂದಿರನ್ನು ಕೊಲ್ಲಲಾರ. ಆಮೇಲೆ ಕುಂತಿ ಬಂದು, ಸರ್ಪಾಸ್ತ್ರವನ್ನು ಎರಡನೆಯ ಸಲ ತೊಡುವುದಿಲ್ಲವೆಂದು ಮಾತು ತೆಗೆದುಕೊಳ್ಳುತ್ತಾಳೆ. ಗುಟ್ಟು ಕೈಗೆ ಆಯುಧ ಕೊಡುವ ಬದಲು ಇದ್ದ ಆಯುಧವನ್ನೇ ಕಿತ್ತುಕೊಂಡಿತು. ಗುರಿ ತಪ್ಪಿದ ಸರ್ಪಾಸ್ತ್ರ ತಾನೇ ತಿರುಗಿ ಬಂದು ಮತ್ತೆ ತೊಡು ಎಂದು ಬೇಡಿದಾಗ ಕರ್ಣ ಒಲ್ಲೆನೆನ್ನುತ್ತಾನೆ. ಎಲ್ಲವೂ ಕೃಷ್ಣನ ಕೈಯಲ್ಲಿರುವ ಕಾವ್ಯದಲ್ಲಿ ಒಬ್ಬ ಮನುಷ್ಯನ ಕೈಯಲ್ಲಿ ಉಳಿದದ್ದು ಈ ಒಲ್ಲೆನೆಂಬ ಮಾತೊಂದೇ.

ನನ್ನ ಅಳತೆಗೋಲು ಇದು. ವೀರನೊಬ್ಬ ಬೆಳೆದನೇ ಎಂದು ತಿಳಿಯಬೇಕಾದರೆ ಅವನು ಏನನ್ನು ಗಳಿಸಿದ ಎಂದು ಕೇಳಬೇಡಿ. ಮಾಡಬಲ್ಲದ್ದರಲ್ಲಿ ಯಾವುದನ್ನು ಮಾಡದೆ ಬಿಟ್ಟ ಎಂದು ಕೇಳಿ. ಈ ಗೋಲಿನಿಂದ ಅಳೆದರೆ ನರುಟೊ ಕೂಡ ಒಂದು ಗಳಿಗೆ ನಿಜವಾಗಿ ಬೆಳೆದಿದ್ದಾನೆ: ಗುರುವನ್ನು ಕೊಂದ ನಾಗಾಟೊ ಕೈಗೆ ಸಿಕ್ಕಾಗ ಅವನನ್ನು ಕೊಲ್ಲದೆ, ಎದುರು ಕೂತು ಅವನ ಕಥೆ ಕೇಳುತ್ತಾನೆ. ಆ ಗಳಿಗೆಯ ಮುಂದೆ ಆಮೇಲಿನ ಋಷಿಶಕ್ತಿಯೆಲ್ಲ ಜಾತ್ರೆಯ ಮದ್ದಿನಾಟ.

ಇದಕ್ಕೊಂದು ಆಕ್ಷೇಪ ಉಂಟು, ಗಟ್ಟಿಯಾದದ್ದೇ. ನಾಯಕ ಬದಲಾಗಲೇಬೇಕೆಂಬ ಹಟ ಯಾಕೆ? ಮಲ್ಲಕಂಬ ಅಲುಗುವುದಿಲ್ಲ, ಅಲುಗದ ಕಂಬದ ಮೇಲೆಯೇ ಮೈ ಕಲಿಯುತ್ತದೆ. ವಿರಾಟನಗರದಲ್ಲಿ ಕೀಚಕನಿಂದ ನೊಂದ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಹೋಗಿ ಎಬ್ಬಿಸುವುದು ಭೀಮನನ್ನು, ಯಾಕೆಂದರೆ ಅವನು ಎಂದೂ ಅದೇ ಭೀಮ. ಒಪ್ಪುತ್ತೇನೆ. ಆದರೆ ಕಂಬ ಕಂಬವಾಗಿರಬೇಕಾದರೆ ಅದನ್ನು ಬಳಸಿ ಮೇಲೇರುವ ಮೈಗಳಿಗೆ ಕಥೆಯಲ್ಲಿ ಜಾಗವಿರಬೇಕು. ದ್ರೌಪದಿಗೆ ಆ ಜಾಗ ಸಿಕ್ಕಿತು. ಗಂಡಂದಿರನ್ನು ಅವಳಷ್ಟು ಕಟುವಾಗಿ ಅಳೆದವರು ಕುಮಾರವ್ಯಾಸನ ಕಾವ್ಯದಲ್ಲಿ ಇನ್ನೊಬ್ಬರಿಲ್ಲ. ನರುಟೊನ ಜತೆಗಾತಿ ಸಕುರಾಗೆ ಅದು ಸಿಗಲಿಲ್ಲ. ಶಕ್ತಿ ಬಂದ ಮೇಲೂ ಬಹಳ ಕಂತು ಅವಳ ಪಾಲಿಗೆ ಬಂದದ್ದು ಗೆಳೆಯ ಸಾಸುಕೆಯ ದಾರಿ ಕಾಯುವುದೇ.

ಮುಗಿಸುವುದೂ ಪಾತ್ರ ಕಟ್ಟುವ ಕಲೆಯೇ. ಕುಮಾರವ್ಯಾಸ ಹದಿನೆಂಟರಲ್ಲಿ ಹತ್ತು ಪರ್ವ ಹೇಳಿ ಗದಾಪರ್ವಕ್ಕೆ ನಿಂತ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ತುಂಬಿದ. ಊರು ಹಾಡಿಕೊಂಡದ್ದು ಮೊದಲ ಹತ್ತನ್ನು. ನರುಟೊ ಮುಗಿದ 2017ರಲ್ಲೇ ಅವನ ಮಗ ಬೊರುಟೊನ ಸರಣಿ ಶುರುವಾಯಿತು. ಕಾಳಗದ ಅಂಗಡಿಗೆ ಬಾಗಿಲು ಹಾಕುವ ಹೊತ್ತೇ ಬರುವುದಿಲ್ಲ. ಜನರ ನೆನಪು ಬೇರೆ ಲೆಕ್ಕ ಇಡುತ್ತದೆ. ಮುಂಡರಗಿಯ ಭೀಮರಾಯ 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೆದುರು ಕಾದಾಡಿ ಬಿದ್ದ; ಅವನನ್ನು ಗೆದ್ದ ಅಧಿಕಾರಿಯ ಹೆಸರು ಆ ಊರಲ್ಲಿ ಯಾರಿಗೆ ಬೇಕು? ಶಿರಹಟ್ಟಿ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡಾಟ ನೋಡುತ್ತ ಕೂತಾಗಲೂ ಕಂಡಿದ್ದೇನೆ: ಅರ್ಜುನ ಕುಣಿಯುವಾಗ ಚಾ ಕುಡಿಯಲು ಎದ್ದು ಹೋದವರು ಕರ್ಣ ಬರುವಷ್ಟರಲ್ಲಿ ತಿರುಗಿ ಬಂದು ಕೂತಿರುತ್ತಾರೆ.

ಇಷ್ಟನ್ನೂ ಓಣಿಯ ಹುಡುಗನಿಗೆ ಹೇಳಲಿಲ್ಲ. ಕರ್ಣನ ಬಾಣದ ಸಂಗತಿಯೊಂದನ್ನೇ ಹೇಳಿದೆ.

‘ಬಾಣ ತಾನ ಬಂದು ಕೇಳಿದ್ರೂ ಬಿಡ್ಲಿಲ್ಲೇನ್ರಿ?’

‘ಇಲ್ಲ.’

‘ಮತ್ತ ಸತ್ತ?’

‘ಸತ್ತ.’

ಹುಡುಗ ಮೊಬೈಲು ಕಿಸೆಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಅದು ಎಷ್ಟನೇ ಕಂತಿನ್ಯಾಗ ಐತ್ರಿ?’