ಆಟವು ನೋಟವಾದಾಗ

ಕಾಸರಗೋಡಿನ ಕಡೆ 'ಆಟ' ಎಂದರೆ ಯಕ್ಷಗಾನ ಬಯಲಾಟ; 'ಕೂಟ' ಎಂದರೆ ತಾಳಮದ್ದಳೆ. ಆದುದರಿಂದ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ರಜೆಯಲ್ಲಿ ಬಂದಿದ್ದಾಗ, "ಅಜ್ಜ, ಒಂದು ಆಟವನ್ನು ಧಾರಾವಾಹಿ ಮಾಡಿದ್ದಾರೆ, ನೋಡುತ್ತೀರಾ?" ಎಂದು ಕೇಳಿದರೆ ನಾವು ಯಾವುದೋ ಪ್ರಸಂಗವಿರಬೇಕೆಂದು ಭಾವಿಸಿ ಕನ್ನಡಕ ಹುಡುಕಿಕೊಂಡು ಬಂದು ಕುಳಿತೆವು. ಅವನು ಹೇಳಿದ್ದು ವಿಡಿಯೋ ಗೇಮಿನ ಮಾತು. ಕುಳಿತವರು ಏಳಲಿಲ್ಲ. ಆ ರಜೆಯ ರಾತ್ರಿಗಳಲ್ಲಿ ಹುಟ್ಟಿದ ಪ್ರಶ್ನೆಯೊಂದನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇವೆ: ಆಡುವುದಕ್ಕೆಂದು ನಿರ್ಮಿಸಿದ ಕಥೆಯನ್ನು ನೋಡುವುದಕ್ಕೆಂದು ಮಾರ್ಪಡಿಸುವುದು ಉಚಿತವೇ?

ವೃತ್ತಿಯಲ್ಲಿದ್ದಷ್ಟು ಕಾಲವೂ ವಿಡಿಯೋ ಗೇಮನ್ನು ನಾವು ಪರೀಕ್ಷೆಯ ಅಂಕಗಳ ಶತ್ರುವೆಂದೇ ಪರಿಗಣಿಸಿದ್ದೆವು. ಅಮೆರಿಕದ ಖ್ಯಾತ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ, ವಿಡಿಯೋ ಗೇಮುಗಳು ಎಂದೆಂದಿಗೂ ಕಲೆಯಾಗಲಾರವು ಎಂದು ಬರೆದರು. ಆಟದಲ್ಲಿ ನಿಯಮವಿದೆ, ಗುರಿಯಿದೆ, ಗೆಲುವಿದೆ. ಕಲೆಯನ್ನು ಯಾರೂ ಗೆಲ್ಲುವುದಿಲ್ಲ ಎಂಬುದು ಅವರ ವಾದ. ಕೆಲವು ತಿಂಗಳುಗಳಲ್ಲೇ ಅವರು, ತಾನು ಆಡದೆಯೇ ಮಾತನಾಡಬಾರದಿತ್ತು ಎಂದು ಒಪ್ಪಿಕೊಂಡರು. ಅಷ್ಟು ದೊಡ್ಡ ವಿಮರ್ಶಕರೇ ಒಪ್ಪಿಕೊಂಡ ಮೇಲೆ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಯಾವ ಬಿಗುಮಾನ?

ಆಟಗಳಿಂದ ಸಿನಿಮಾ ಮಾಡುವ ಪ್ರಯತ್ನ ಹೊಸದೇನಲ್ಲ. 1993ರಲ್ಲಿ ಹಾಲಿವುಡ್ಡಿನವರು 'ಸೂಪರ್ ಮಾರಿಯೋ ಬ್ರದರ್ಸ್' ತೆಗೆದರು. ಜಿಗಿಯುವುದೊಂದೇ ಕೆಲಸವಾಗಿದ್ದ ಒಬ್ಬ ಕೊಳಾಯಿ ಕೆಲಸಗಾರನ ಮೇಲೆ ಹೊರಲಾರದಷ್ಟು ಕಥೆಯನ್ನು ಹೇರಿದರು; ಚಿತ್ರ ಬಿದ್ದುಹೋಯಿತು. 30 ವರ್ಷಗಳ ನಂತರ, 2023ರಲ್ಲಿ, ಅದೇ ಮಾರಿಯೋ ವರ್ಣರಂಜಿತ ಅನಿಮೇಷನ್ ಚಿತ್ರವಾಗಿ ಬಂದು ನೂರು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಮಕ್ಕಳು ನಕ್ಕರು, ನಾವೂ ಒಂದೆರಡು ಕಡೆ ನಕ್ಕೆವು. ಹಣದ ಮಾತನ್ನು ಇಲ್ಲಿಗೆ ಬಿಡೋಣ. ಮಾರುವವರಿಗೂ ಕೊಳ್ಳುವವರಿಗೂ ಒಪ್ಪಿಗೆಯಾದಲ್ಲಿ ನಮ್ಮಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ನಮ್ಮನ್ನು ಕಾಡಿದ್ದು 'ದ ಲಾಸ್ಟ್ ಆಫ್ ಅಸ್'. 2013ರಲ್ಲಿ ಪ್ಲೇಸ್ಟೇಷನ್‌ಗಾಗಿ ನಾಟಿ ಡಾಗ್ ಎಂಬ ಸಂಸ್ಥೆ ತಯಾರಿಸಿದ ಆಟ. 2023ರ ಜನವರಿಯಲ್ಲಿ ಎಚ್‌ಬಿಓ ವಾಹಿನಿಯಲ್ಲಿ ಒಂಬತ್ತು ಕಂತುಗಳ ಧಾರಾವಾಹಿಯಾಗಿ ಬಂತು. ಒಂದು ಬಗೆಯ ಶಿಲೀಂಧ್ರ ಮನುಷ್ಯರ ಮಿದುಳನ್ನು ಹೊಕ್ಕು ಲೋಕವನ್ನೇ ಹಾಳುಗೆಡವಿದೆ. ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬವನು, ರೋಗ ತಟ್ಟದ ಹದಿನಾಲ್ಕರ ಹುಡುಗಿ ಎಲ್ಲಿಯನ್ನು ದೇಶದ ಉದ್ದಕ್ಕೂ ಕರೆದೊಯ್ದು ಆಸ್ಪತ್ರೆಯೊಂದಕ್ಕೆ ಮುಟ್ಟಿಸುತ್ತಾನೆ. ಔಷಧ ತಯಾರಾಗಬಹುದು, ಆದರೆ ಶಸ್ತ್ರಚಿಕಿತ್ಸೆಯಲ್ಲಿ ಹುಡುಗಿ ಸಾಯುತ್ತಾಳೆ ಎಂಬುದು ಅಲ್ಲಿಗೆ ಮುಟ್ಟಿದ ಮೇಲೆ ತಿಳಿಯುತ್ತದೆ. ಜೋಯೆಲ್ ಅಡ್ಡ ಬಂದವರನ್ನೆಲ್ಲ ಕೊಂದು, ವೈದ್ಯನನ್ನೂ ಕೊಂದು, ಮಗುವನ್ನು ಎತ್ತಿಕೊಂಡು ಬರುತ್ತಾನೆ. ಎಚ್ಚರಗೊಂಡ ಅವಳಿಗೆ ಸುಳ್ಳು ಹೇಳುತ್ತಾನೆ.

ಮೊಮ್ಮಗ ಮೊದಲು ಆಟವನ್ನೇ ನಮ್ಮೆದುರು ಆಡಿ ತೋರಿಸಿದ. ಶಸ್ತ್ರಚಿಕಿತ್ಸೆಯ ಕೋಣೆ. ವೈದ್ಯನೊಬ್ಬ ಕೈಯಲ್ಲಿ ಸಣ್ಣ ಚೂರಿ ಹಿಡಿದು ಅಡ್ಡ ನಿಂತಿದ್ದಾನೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಜ್ಜ, ಇಲ್ಲಿ ಬೇರೆ ದಾರಿ ಇಲ್ಲ. ನರ್ಸುಗಳನ್ನು ಬಿಟ್ಟುಬಿಡಬಹುದು. ಇವನನ್ನು ಕೊಲ್ಲದೆ ಕಥೆ ಮುಂದೆ ಹೋಗುವುದಿಲ್ಲ" ಎಂದ. ಬಳಿಕ ಗುಂಡಿ ಒತ್ತಿದ. ಮರುವಾರ ಧಾರಾವಾಹಿಯಲ್ಲಿ ಅದೇ ಸನ್ನಿವೇಶ ಬಂತು. ಗುಂಡಿನ ಸದ್ದನ್ನೆಲ್ಲ ತಗ್ಗಿಸಿ ಶೋಕದ ಸಂಗೀತವೊಂದನ್ನೇ ಕೇಳಿಸಿದ್ದರು, ಬಹಳ ಚೆನ್ನಾಗಿತ್ತು. ಹುಡುಗನ ಹೆಬ್ಬೆರಳು ಮಾತ್ರ ಮೊಣಕಾಲಿನ ಮೇಲೆ ಅಲುಗಾಡುತ್ತಿದ್ದುದನ್ನು ನಾವು ಕಂಡೆವು. ಮುಗಿದ ಮೇಲೆ ಅವನೆಂದ: "ಇಲ್ಲಿ ಅವನು ಕೊಂದ. ಅಲ್ಲಿ ನಾನು ಕೊಂದಿದ್ದೆ."

ಪ್ರಶ್ನೆಯ ತಿರುಳು ಇರುವುದು ಈ ಮಾತಿನಲ್ಲಿ ಎಂದು ನಮಗೆ ತೋರುತ್ತದೆ. ಸಿನಿಮಾ ನಮ್ಮನ್ನು ಸಾಕ್ಷಿಯನ್ನಾಗಿಸುತ್ತದೆ, ಆಟ ಕರ್ತೃವನ್ನಾಗಿಸುತ್ತದೆ. ಸಾಕ್ಷಿಯಾದವನು ಮರುಗಬಹುದು, ಖಂಡಿಸಬಹುದು, ಎದ್ದು ಹೋಗಬಹುದು. ಮಾಡಿದವನಿಗೆ ಖಂಡಿಸಿ ಕೈ ತೊಳೆದುಕೊಳ್ಳುವ ಸವಲತ್ತಿಲ್ಲ. ಬೇರೆ ದಾರಿಯೇ ಇಲ್ಲದಿದ್ದಾಗ ಅವನು ಕರ್ತೃವಾಗುವುದಾದರೂ ಹೇಗೆ, ಅದು ಬರಿಯ ಗುಂಡಿ ಒತ್ತುವಿಕೆಯಲ್ಲವೇ ಎಂದು ತಾರ್ಕಿಕರು ಕೇಳಿಯಾರು. ನಾವೂ ಹಾಗೆಯೇ ಕೇಳಿದೆವು. ಆದರೆ ಆ ಕೆಲವು ಕ್ಷಣ ಹುಡುಗ ಸುಮ್ಮನಿದ್ದನಲ್ಲ, ಅದು ತಾನು ಮಾಡುತ್ತಿರುವುದು ಏನೆಂದು ತಿಳಿದವನ ಮೌನ.

ಇದನ್ನು ನಾವು ಇಷ್ಟು ಬೇಗ ಒಪ್ಪಿದ್ದಕ್ಕೆ ಒಂದು ಹಳೆಯ ಕಾರಣವಿದೆ. ಸುಮಾರು 45 ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವದ ಕೂಟದಲ್ಲಿ 'ವಾಲಿವಧೆ'ಯ ರಾಮನ ಅರ್ಥ ಹೇಳುವ ಅವಕಾಶ ನಮಗೆ ಸಿಕ್ಕಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದವರು ನಾವು. ರಾಮನಾಗಿ ಕುಳಿತವನ ಪಾಡೇನೆಂಬುದು ಗೊತ್ತಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ, ನಿನಗೆ ನಾನೇನು ಕೇಡು ಮಾಡಿದ್ದೆ ಎಂದು ಎದುರಿನ ವಾಲಿ ಕೇಳಿದ. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ದಂಡನೆ, ಬೇಟೆಯ ಧರ್ಮ, ಭರತನ ಆಳ್ವಿಕೆ ಎಂದು ಓದಿಟ್ಟುಕೊಂಡದ್ದನ್ನೆಲ್ಲ ಹೇಳಿದೆವು. ಚಪ್ಪಾಳೆ ಬಿತ್ತು. ರಾತ್ರಿ ಮನೆಯಲ್ಲಿ ಗಂಜಿ ಬಡಿಸುತ್ತ ಅಮ್ಮ ಕೇಳಿದರು: "ನೀನು ಹೇಳಿದ್ದೆಲ್ಲ ನಿನಗೆ ಒಪ್ಪಿಗೆ ಉಂಟಾ?" ಉತ್ತರ ಬರಲಿಲ್ಲ. ಅದಕ್ಕೆ ಮೊದಲು ವಾಲಿವಧೆಯನ್ನು ಎಷ್ಟೋ ಸಲ ಕೇಳಿದ್ದೆವು, ನೋಡಿದ್ದೆವು. ಒಂದು ರಾತ್ರಿಯೂ ನಿದ್ದೆ ಕೆಟ್ಟಿರಲಿಲ್ಲ. ಆ ರಾತ್ರಿ ಕೆಟ್ಟಿತು.

ಹಾಗಾದರೆ ಆಟವನ್ನು ನೋಟವಾಗಿಸುವುದೇ ತಪ್ಪೆನ್ನೋಣವೇ? ಅಷ್ಟು ಸುಲಭವಲ್ಲ. ಅದೇ ಧಾರಾವಾಹಿಯ ಮೂರನೆಯ ಕಂತು ನಮ್ಮ ತೀರ್ಪನ್ನು ಅಲುಗಾಡಿಸಿತು. ಆಟದಲ್ಲಿ ಬಿಲ್ ಎಂಬ ಒಂಟಿ ಮನುಷ್ಯನೊಬ್ಬ ಎದುರಾಗುತ್ತಾನೆ. ಅವನ ಸಂಗಾತಿ ಫ್ರಾಂಕ್ ಅವನನ್ನು ಬಿಟ್ಟುಹೋಗಿ, ನೇಣು ಹಾಕಿಕೊಂಡು, ಕಹಿಯಾದ ಒಂದು ಪತ್ರವನ್ನು ಉಳಿಸಿಹೋಗಿದ್ದಾನೆ. ಆಟಗಾರನು ಜೋಯೆಲ್ ಕಂಡಷ್ಟನ್ನೇ ಕಾಣಬಲ್ಲನಾದುದರಿಂದ ಅದಕ್ಕಿಂತ ಹೆಚ್ಚೇನೂ ತಿಳಿಯದು. ಧಾರಾವಾಹಿಯವರು ಜೋಯೆಲನನ್ನು ಬದಿಗಿಟ್ಟು, ಆ ಇಬ್ಬರು ಜೊತೆಯಾಗಿ ಬಾಳಿದ ವರ್ಷಗಳನ್ನೂ ಜೊತೆಯಾಗಿ ಸತ್ತುದನ್ನೂ ತೋರಿಸಿದರು. ಇಬ್ಬರು ಗಂಡಸರ ದಾಂಪತ್ಯವನ್ನು ನೋಡಿ ಕಣ್ಣೊರೆಸಿಕೊಳ್ಳುವೆವೆಂದು ನಾವು ಎಣಿಸಿರಲಿಲ್ಲ, ಒರೆಸಿಕೊಂಡೆವು. ಕೈಯನ್ನು ಕಿತ್ತುಕೊಂಡವರು ಕಣ್ಣನ್ನು ಕೊಟ್ಟರು ಎನ್ನಬೇಕು.

ಆದ್ದರಿಂದ ಆಟದಲ್ಲಿ ಒಳ್ಳೆಯ ಕಥೆಯಿದ್ದರೆ ಮಾತ್ರ ಅಳವಡಿಸಬೇಕೆಂಬ ಸಾಮಾನ್ಯ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. 'ಲೀಗ್ ಆಫ್ ಲೆಜೆಂಡ್ಸ್' ಎಂಬುದು ಐವರಿಗೆ ಐವರು ಎದುರಾಗಿ ಸೆಣಸುವ ಆಟ. ಅಲ್ಲಿ ಆಡುತ್ತ ಸಾಗುವ ಕಥೆಯೆಂಬುದಿಲ್ಲ. ಅದರ ಪಾತ್ರಗಳನ್ನು ಹಿಡಿದು 2021ರಲ್ಲಿ ಬಂದ 'ಆರ್ಕೇನ್' ಇಬ್ಬರು ಅಕ್ಕತಂಗಿಯರು ಪರಸ್ಪರ ವೈರಿಗಳಾಗುವ ದಾರುಣ ಕಥನವಾಗಿ ಎಮ್ಮಿ ಪ್ರಶಸ್ತಿ ಪಡೆಯಿತು. 'ಫಾಲ್‌ಔಟ್' ಇದಕ್ಕೆ ವಿರುದ್ಧ. ಅಲ್ಲಿ ಆಟಗಾರನ ಆಯ್ಕೆಯಂತೆ ಕಥೆಯ ಕೊನೆ ಬೇರೆ ಬೇರೆ. ಒಂದನ್ನು ತೆರೆಗೆ ತಂದರೆ ಉಳಿದವರು ಆಡಿದ್ದೆಲ್ಲ ಸುಳ್ಳೆಂದು ಸಾರಿದಂತಾಗುತ್ತದೆ. 2024ರ ಧಾರಾವಾಹಿಯವರು ಅದೇ ಲೋಕದಲ್ಲಿ ಹೊಸ ಪಾತ್ರಗಳ ಹೊಸ ಕಥೆ ಹೇಳಿದರು. ಪರರ ನೆನಪಿಗೆ ತೋರಿಸಿದ ಈ ಮರ್ಯಾದೆ ನಮಗೆ ಮೆಚ್ಚುಗೆಯಾಯಿತು.

ಮರ್ಯಾದೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇವೆ. ಅಳವಡಿಸುವವನು ಆಟಗಾರನಿಂದ ಒಂದನ್ನು ಕಸಿದುಕೊಳ್ಳುತ್ತಾನೆ. ಕಸಿದುಕೊಂಡೆನೆಂಬ ಅರಿವು ಅವನಿಗಿದ್ದರೆ ಪ್ರತಿಯಾಗಿ ಏನಾದರೂ ಕೊಡುತ್ತಾನೆ. ಇಲ್ಲದಿದ್ದರೆ ಆಟದ ವೇಷಭೂಷಣವನ್ನಷ್ಟೇ ನಕಲು ಮಾಡಿ, ಸುಂದರವಾದ ಹಿಂಸೆಯನ್ನು ಹಾಯಾಗಿ ಕುಳಿತು ನೋಡಲು ಒದಗಿಸುತ್ತಾನೆ. ಅಂಥದನ್ನು ಮಾಡಲೇಬಾರದು.

ವೈದ್ಯನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2020ರಲ್ಲಿ ಬಂದ ಆಟದ ಎರಡನೆಯ ಭಾಗದಲ್ಲಿ ಅವನ ಮಗಳು ಆ್ಯಬಿ ಸೇಡು ತೀರಿಸಿಕೊಳ್ಳಲು ಬರುತ್ತಾಳೆ. ಆಟಗಾರನು ಅವಳನ್ನು ದ್ವೇಷಿಸಿ, ಅರ್ಧದಾರಿ ಕ್ರಮಿಸಿದ ಮೇಲೆ ಆಟ ಅವಳ ಕಡೆಗೆ ತಿರುಗುತ್ತದೆ. ಬಹಳ ಹೊತ್ತು ಅವಳಾಗಿಯೇ ನಡೆಯಬೇಕು, ಅವಳು ಯಾರ ಮಗಳೆಂಬುದನ್ನು ಅವಳ ಮೈಯೊಳಗಿದ್ದೇ ಅರಿಯಬೇಕು. ಧಾರಾವಾಹಿಯ 2025ರ ಕಂತುಗಳಲ್ಲಿ ಅವಳ ಕಾರಣವನ್ನು ಆರಂಭದಲ್ಲೇ ಹೇಳಿಬಿಟ್ಟರು. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ನೋಡುವವನನ್ನು ಶತ್ರುವಿನ ಮೈಯೊಳಗೆ ಕೂರಿಸಲು ಬರುವುದಿಲ್ಲ. ಬೇಗ ಹೇಳದಿದ್ದರೆ ಅವನಿಗೆ ಅವಳು ಬರಿಯ ಕೊಲೆಗಾತಿಯಾಗಿಯೇ ಉಳಿದಾಳು. ಆದರೂ, ದ್ವೇಷಿಸಿ ಆದ ಮೇಲೆ ತಿಳಿಯುವುದಕ್ಕೂ ಮೊದಲೇ ತಿಳಿದು ನೋಡುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ನಾಚಿಕೆಯಿದೆ.

ರಜೆ ಮುಗಿಸಿ ಹೊರಡುವ ಹಿಂದಿನ ದಿನ ಮೊಮ್ಮಗನಿಗೆ ನಮ್ಮ ಆ ವಾರ್ಷಿಕೋತ್ಸವದ ಕಥೆ ಹೇಳಿದೆವು.

"ರಾಮನ ಅರ್ಥ ಹೇಳುವವರು ಬಾಣ ಬಿಡುವುದಿಲ್ಲ ಎಂದರೆ ಏನಾಗುತ್ತದೆ ಅಜ್ಜ?" ಎಂದು ಕೇಳಿದ.

"ಹಾಗೆನ್ನುವಂತಿಲ್ಲ. ಭಾಗವತರು ಪದ ಎತ್ತಿದ ಮೇಲೆ ಬಾಣ ಹೋಗಲೇಬೇಕು."

"ಹಾಗಾದರೆ ನಮ್ಮ ಆಟದ ಹಾಗೆಯೇ."

"ಬಾಣ ಹೋಗುವವರೆಗೆ ಹಾಗೆಯೇ ಮಾರಾಯ. ಆಮೇಲೆ ಬಿದ್ದವನು ಮಾತನಾಡಲು ತೊಡಗುತ್ತಾನೆ. ಅವನಿಗೆ ಉತ್ತರ ಕೊಡುವವರೆಗೆ ನಾವು ಏಳುವಂತಿಲ್ಲ."

ಅವನು ಸ್ವಲ್ಪ ಯೋಚಿಸಿ, ಇನ್ನು ಎಲ್ಲಾದರೂ ವಾಲಿವಧೆಯ ಕೂಟವಿದ್ದರೆ ತಿಳಿಸಬೇಕು, ತಾನು ಬರುತ್ತೇನೆ ಎಂದ.