ಎಲ್ಲರೂ ಹುಷಾರು ತಾನೆ?

ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ನಾವು ಕಾರಿನಿಂದ ಇಳಿದಾಗ ಹನ್ನೊಂದೂ ಕಾಲು ಗಂಟೆ. ಹಡಗಿನ ಮೇಲ್ಮಹಡಿಯ ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ನಡುವಿನ ನಲವತ್ತು ನಿಮಿಷಗಳಲ್ಲಿ ಎಲ್ಲಿಯೂ ಒಂದು ತೊಡಕಾಗಲಿಲ್ಲ. ನನ್ನ ಮಗ ಆ ದಿನಕ್ಕೆ ಮಾಡಿಕೊಂಡಿದ್ದ ತಯಾರಿ ಅಂಥದು. ಲಗೇಜಿನ ಚೀಟಿಗಳನ್ನು ಹ್ಯೂಸ್ಟನ್ನಿನ ಮನೆಯಲ್ಲೇ ಮುದ್ರಿಸಿ ಸೂಟ್‌ಕೇಸುಗಳ ಹಿಡಿಗೆ ಸ್ಟೇಪ್ಲರ್ ಹೊಡೆದಿದ್ದ. ದೊಡ್ಡ ಪೆಟ್ಟಿಗೆಗಳು ಕೋಣೆ ತಲುಪುವುದು ಸಂಜೆಗೆ ಎಂದು ಪಾಸ್‌ಪೋರ್ಟ್, ನನ್ನ ಬಿಪಿ ಮಾತ್ರೆ, ಮಕ್ಕಳ ಈಜುಡುಗೆ ಎಲ್ಲವೂ ಕೈಚೀಲದಲ್ಲಿ. ಬಂದರಿಗೆ ಬರುವ ಹೊತ್ತನ್ನು ವಾರಗಳ ಹಿಂದೆಯೇ ಆರಿಸಿ, ನಮ್ಮ ಆರು ಜನರ ಫೋಟೋಗಳನ್ನು ಫೋನಿನಿಂದ ಕಳಿಸಿಟ್ಟಿದ್ದ. ಕ್ಯಾಮೆರಾ ಮುಂದೆ ನಿಂತೆ, ಹುಡುಗಿ ನಕ್ಕಳು, ಮುಂದೆ ಹೋದೆ. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಗೆ ಟವೆಲ್ ಹಾಕಿ ಸೀಟು ಹಿಡಿದವನಿಗೆ ಇದೊಂದು ಪವಾಡ.

ಮನೆಯಲ್ಲಿ ಮಾಡಿದ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಮಗ ಹೇಳಿದ್ದರಿಂದ ನನ್ನ ಹೆಂಡತಿ ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಹ್ಯೂಸ್ಟನ್ನಿನ ಫ್ರಿಜ್ಜಿನಲ್ಲಿಯೇ ಬಿಟ್ಟು ಬಂದಿದ್ದಳು. ಐದು ದಿನ ಬ್ರೆಡ್ಡು ತಿಂದು ಬದುಕುವುದು ಹೇಗೆ ಎಂದು ದಾರಿಯುದ್ದಕ್ಕೂ ಗೊಣಗಿದರೂ ಕದ್ದು ತರುವ ಯೋಚನೆ ಮಾಡಲಿಲ್ಲ. ನಿಯಮ ಅಂದಮೇಲೆ ನಿಯಮ. ಗೊಜ್ಜನ್ನು ಬಿಟ್ಟು ಹೋದೆವು. ಬಿಡಬೇಕಾಗಿದ್ದ ಇನ್ನೊಂದನ್ನು ಬಹುಶಃ ಹೊತ್ತುಕೊಂಡು ಹೋದೆವು.

ಹಿಂದಿನ ರಾತ್ರಿ ಗ್ಯಾಲ್ವೆಸ್ಟನ್ನಿನ ಒಂದು ಹೋಟೆಲಿನಲ್ಲಿ ತಂಗಿದ್ದೆವು. ಸುಮಾರು ಎರಡು ಗಂಟೆಗೆ ಎಚ್ಚರವಾಯಿತು. ಎರಡು ಸಲ ವಾಂತಿ, ಒಂದು ಸಲ ಭೇದಿ. ಹೆಂಡತಿ ಎದ್ದು ಚೀಲದಿಂದ ಓಮದ ಕಾಳು ತೆಗೆದು ಉಪ್ಪಿನ ಜೊತೆ ಅಗಿಯಲು ಕೊಟ್ಟಳು. "ರಾತ್ರಿ ತಿಂದ ಹುರುಳೀಕಾಯಿನೋ ಚೀಸೋ ಆಗಿಬಂದಿಲ್ಲ" ಅಂದಳು. ಬೆಳಗಾಗುವ ಹೊತ್ತಿಗೆ ಹೊಟ್ಟೆ ತಣ್ಣಗಾಗಿತ್ತು. ಕಾಫಿ ಕುಡಿದೆ, ನಿಂತಿತು. ಎಂಟು ಗಂಟೆಗೆ ಮಗ ಫೋನು ಹಿಡಿದು ನಮ್ಮ ಕೋಣೆಗೆ ಬಂದ. ಹಡಗು ಹತ್ತುವ ದಿನ ತುಂಬಬೇಕಾದ ಆರೋಗ್ಯದ ಪ್ರಶ್ನೆಯೊಂದು ಬಾಕಿ ಇತ್ತು. ಕಳೆದ ಎರಡು ದಿನಗಳಲ್ಲಿ ನಿಮ್ಮಲ್ಲಿ ಯಾರಿಗಾದರೂ ಜ್ವರ, ವಾಂತಿ ಅಥವಾ ಭೇದಿ ಆಗಿದೆಯೇ? ಮಗ ಅದನ್ನು ಕನ್ನಡಕ್ಕೆ ತಂದು ಕೇಳಿದ.

"ಅಪ್ಪ, ಎಲ್ಲರೂ ಹುಷಾರು ತಾನೆ?"

"ಹೂಂ ಕಣೋ."

ಹೆಂಡತಿ ಶಾಲು ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಮಗ 'ಇಲ್ಲ' ಎನ್ನುವುದರ ಮೇಲೆ ಬೆರಳೊತ್ತಿದ. ಆರು ಜನರಿಗೂ ಸೇರಿ ಒಂದೇ 'ಇಲ್ಲ'.

ಆಗ ನಾನು ಹೇಳಿದ್ದು ಸುಳ್ಳೇ? ಎರಡು ವರ್ಷದಿಂದ ಇದನ್ನು ತಿರುವಿ ಹಾಕುತ್ತಿದ್ದೇನೆ. ಮಗ ಕೇಳಿದ್ದು ಹುಷಾರಿದ್ದೀರಾ ಎಂದು, ಹುಷಾರಾಗಿಯೇ ಇದ್ದೆ. ಆದರೆ ಹಡಗಿನವರು ಕೇಳಿದ್ದು ಅದಲ್ಲ. ಈಗ ಹೇಗಿದ್ದೀರಿ, ವಾಂತಿಗೆ ಕಾರಣ ಏನು, ಅದು ಅಜೀರ್ಣವೋ ಸೋಂಕೋ ಎಂದು ಅವರು ನನ್ನ ಅಭಿಪ್ರಾಯ ಕೇಳಿರಲಿಲ್ಲ. ಆಯಿತೋ ಇಲ್ಲವೋ ಎಂದಷ್ಟೇ ಕೇಳಿದ್ದರು. ನಾನು ಘಟನೆಯ ಪ್ರಶ್ನೆಗೆ ನನ್ನದೇ ರೋಗನಿರ್ಣಯವನ್ನು ಉತ್ತರವಾಗಿ ಕೊಟ್ಟೆ. ಪ್ರಾಮಾಣಿಕರು ಅನ್ನಿಸಿಕೊಂಡವರು ಸುಳ್ಳು ಹೇಳುವುದು ಸಾಮಾನ್ಯವಾಗಿ ಹೀಗೆಯೇ ಇರಬೇಕು. ಕೇಳಿದ ಪ್ರಶ್ನೆಯನ್ನು ಮೆತ್ತಗೆ ಪಕ್ಕಕ್ಕಿಟ್ಟು, ನಿಜವಾಗಿ ಉತ್ತರಿಸಬಹುದಾದ ಇನ್ನೊಂದನ್ನು ಅಲ್ಲಿ ತಂದಿಡುತ್ತೇವೆ. ಧರ್ಮರಾಯ ಅಶ್ವತ್ಥಾಮನ ಸಾವಿನ ಸುದ್ದಿ ಹೇಳಿದ್ದೂ ಹೀಗೆಯೇ ತಾನೆ. ಅವನ ರಥ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ, ಆಮೇಲೆ ನೆಲಕ್ಕಿಳಿಯಿತು. ನಮ್ಮ ಬಾಡಿಗೆ ಕಾರು ಮೊದಲಿಂದಲೂ ನೆಲದ ಮೇಲೇ ಇದ್ದುದರಿಂದ ವ್ಯತ್ಯಾಸ ತಿಳಿಯಲಿಲ್ಲ.

ಆ ಪ್ರಶ್ನೆಯ ಹಿಂದೆ ಇರುವುದು ನೊರೊವೈರಸ್. ಹೊಟ್ಟೆಯ ಈ ಸೋಂಕು ಹತ್ತಿಕೊಳ್ಳಲು ಕೆಲವೇ ಕೆಲವು ಕಣಗಳು ಸಾಕು. ಕಂಬಿ, ಬಾಗಿಲ ಹಿಡಿ, ಸೌಟುಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಹಡಗಿನ ಪ್ರತಿ ಬಾಗಿಲಲ್ಲೂ ಕೈಗೆ ಹಾಕುವ ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗುವುದಿಲ್ಲ. ಸೋಪು ನೀರೇ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ವಾಂತಿ ನಿಂತು ಮನುಷ್ಯ ಆರಾಮಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಅವನ ಮೈಯಿಂದ ವೈರಸ್ ಹೊರಬೀಳುತ್ತಿರುತ್ತದೆ. ಕಾಫಿ ನಿಂತಿತು ಎನ್ನುವುದು ನನ್ನ ಹೊಟ್ಟೆಯ ಸಮಾಚಾರ, ಪಕ್ಕದಲ್ಲಿ ಸೌಟು ಹಿಡಿಯುವವನಿಗೆ ಅದರಿಂದ ಏನೂ ಉಪಯೋಗವಿಲ್ಲ. ಇದನ್ನೆಲ್ಲ ನಾನು ಓದಿಕೊಂಡದ್ದು ಊರಿಗೆ ಬಂದ ಮೇಲೆ. ಗೊತ್ತಿರಲಿಲ್ಲ ಎಂಬ ನೆಪ ನನಗಿದೆ ಎಂದು ಕೆಲವು ದಿನ ಸಮಾಧಾನಪಟ್ಟುಕೊಂಡೆ. ಆದರೆ ಗೊತ್ತಿಲ್ಲದವನ ಕೆಲಸ ನಿಜ ಹೇಳಿ ಗೊತ್ತಿದ್ದವರಿಗೆ ಬಿಡುವುದು. ಹೇಳಿದ್ದರೆ ಹಡಗಿನ ವೈದ್ಯರು ಬಂದು ಮಾತಾಡಿಸುತ್ತಿದ್ದರು. ಹತ್ತಿಸಿಕೊಳ್ಳಬಹುದಿತ್ತು, ಒಂದೆರಡು ದಿನ ಕೋಣೆಯಲ್ಲಿ ಇರಿಸಬಹುದಿತ್ತು, ವಾಪಸು ಕಳಿಸಬಹುದಿತ್ತು. ಆ ತೀರ್ಮಾನವನ್ನು ನಾನು ಹಲ್ಲುಜ್ಜುತ್ತಾ ಒಬ್ಬನೇ ಮಾಡಿ ಮುಗಿಸಿದ್ದೆ.

ಅಮೆರಿಕದ ರೋಗನಿಯಂತ್ರಣ ಕೇಂದ್ರ ಸಿಡಿಸಿ 1970ರ ದಶಕದಿಂದ ಪ್ರವಾಸಿ ಹಡಗುಗಳ ಶುಚಿತ್ವವನ್ನು ಪರೀಕ್ಷಿಸುತ್ತಿದೆ. ನೂರಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ಫೇಲು. (ಮೇಷ್ಟರಾಗಿದ್ದ ನನಗೆ ಇದು ಬಹಳ ಹಿಡಿಸಿತು.) ಪ್ರಯಾಣಿಕರಲ್ಲಾಗಲಿ ಸಿಬ್ಬಂದಿಯಲ್ಲಾಗಲಿ ನೂರಕ್ಕೆ ಮೂರು ಮಂದಿ ಹೊಟ್ಟೆಯ ಕಾಯಿಲೆ ಎಂದು ಹಡಗಿನ ವೈದ್ಯರಿಗೆ ಹೇಳಿಕೊಂಡರೆ ಆ ಯಾನದ ಹೆಸರು ಸಾರ್ವಜನಿಕ ಪಟ್ಟಿಗೆ ಬರುತ್ತದೆ. 'ಹೇಳಿಕೊಂಡರೆ' ಎಂಬ ಮಾತನ್ನು ಗಮನಿಸಬೇಕು. ಕಂಬಿ ಒರೆಸುವುದನ್ನೂ ಅಡುಗೆಮನೆ ತೊಳೆಯುವುದನ್ನೂ ಪರೀಕ್ಷಿಸಬಹುದು. ಆದರೆ ಇಡೀ ವ್ಯವಸ್ಥೆಗೆ ಕಣ್ಣಾಗಿರುವುದು ನನ್ನಂಥವರ ಬಾಯಿ.

ಹಡಗುಗಳಿಗೂ ಇಂಥ ಪ್ರಶ್ನೆಗಳಿಗೂ ಹಳೆಯ ನಂಟು. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ಇಂದಿನ ಕ್ರೊಯೇಷಿಯಾದ ದುಬ್ರೋವ್ನಿಕ್ ನಗರ ರೋಗ ಹಬ್ಬಿದ ಕಡೆಯಿಂದ ಬಂದವರನ್ನು ಮೂವತ್ತು ದಿನ ಹೊರಗಿಟ್ಟು ಒಳಗೆ ಬಿಟ್ಟುಕೊಳ್ಳುವ ಕಾನೂನು ಮಾಡಿತು. ಮುಂದೆ ಅದು ನಲವತ್ತು ದಿನವಾಗಿ, ಇಟಲಿಯವರ 'ನಲವತ್ತು' ಎಂಬ ಮಾತಿನಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿತು. ನಲವತ್ತು ದಿನ ಕಾಯಿಸುವ ನಗರ ಯಾರ ಮಾತನ್ನೂ ನಂಬಬೇಕಾಗಿಲ್ಲ. ಕಾಲವೇ ನಿಜ ಹೇಳುತ್ತದೆ. ನಲವತ್ತು ನಿಮಿಷದಲ್ಲಿ ಹತ್ತಿಸಬೇಕಾದ ಹಡಗಿಗೆ ನಂಬದೆ ಬೇರೆ ದಾರಿಯಿಲ್ಲ. ನಮ್ಮ ಹಡಗಿಗೆ ಆ ದಿನ ಸುಮಾರು ನಾಲ್ಕು ಸಾವಿರ ಜನ ಹತ್ತಿದರು. ಸಿಬ್ಬಂದಿ ಸಾವಿರಕ್ಕೂ ಹೆಚ್ಚು. ಒಬ್ಬೊಬ್ಬರ ನಾಡಿ ನೋಡುತ್ತಾ ಕೂತರೆ ಹಡಗು ಹೊರಡುವುದು ಮಾರನೆಯ ವಾರ. ಆ ನಲವತ್ತು ನಿಮಿಷದ ಸರಾಗ ನನ್ನ ಮಗನ ಜಾಣತನದಿಂದ, ಹಡಗಿನವರ ದಕ್ಷತೆಯಿಂದ ಬಂದದ್ದು ಎಂದುಕೊಂಡಿದ್ದೆ. ಅರ್ಧ ಪಾಲು, ಮುಂದಿರುವವನು ನಿಜ ಹೇಳಿದ್ದಾನೆ ಎಂದು ಹಿಂದಿರುವವನು ಇಟ್ಟುಕೊಂಡ ನಂಬಿಕೆಯಿಂದ ಬಂದದ್ದು.

ಸರಾಗವಾಗಿ ಸಾಗುವುದೇ ಗುರಿಯಾದಾಗ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೂ ಇದೆ. 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ ರೂಬಿ ಪ್ರಿನ್ಸೆಸ್ ಹಡಗಿನಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಇಳಿಸಿ ಮನೆಗೆ ಕಳಿಸಿದರು. ಆ ಹಡಗಿನ ಕೊರೊನಾದಿಂದ ಸತ್ತವರು 28 ಮಂದಿ. ನನ್ನ ವಾಂತಿಯನ್ನು ಅದರ ಪಕ್ಕ ಇಡುವುದು ಅತಿಯಾಯಿತು, ಒಪ್ಪುತ್ತೇನೆ. ಆದರೆ ಎಲ್ಲರಿಗೂ ಮನೆಗೆ ಹೋಗುವ ಆತುರ ಇದ್ದ ಆ ಬೆಳಗ್ಗೆ ತಡೆದು ನಿಲ್ಲಿಸುವ ಮಾತು ಎಷ್ಟು ಕಹಿಯಾಗಿ ಕೇಳಿಸಿರಬಹುದು ಎಂಬುದು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿಕೊಟ್ಟವನು. ಆ ಹಸು ನಿಜಕ್ಕೆ ಕೊಡಬೇಕಾದ ಬೆಲೆ ತನ್ನದೇ ಜೀವ. ಹರಿಶ್ಚಂದ್ರ ಹೆಂಡತಿ ಮಗುವನ್ನೂ ಸೇರಿಸಿ ಕೊಟ್ಟ, ಅವನ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ತಕರಾರಿದೆ. ಮಹಾಭಾರತದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆಯಂತೂ ತಿರುಗುಮುರುಗು: ಅಡಗಿದ್ದವರು ಎಲ್ಲಿದ್ದಾರೆಂದು ಕಳ್ಳರಿಗೆ ನಿಜ ಹೇಳಿ, ಅವರನ್ನು ಕೊಲ್ಲಿಸಿ, ಸತ್ಯವಂತ ನರಕಕ್ಕೆ ಹೋದ. ಆ ಬೆಳಗ್ಗೆ ನನ್ನ ಒಳಗಿನ ವಕೀಲ ಎತ್ತಿಕೊಂಡದ್ದು ಈ ಕೌಶಿಕನನ್ನೇ. ವರ್ಷದಿಂದ ದುಡ್ಡು ಕೂಡಿಸಿದ ಮಗ, ಹೊಸ ಟೋಪಿ ಹಾಕಿಕೊಂಡು ಮಲಗಿದ್ದ ಮೊಮ್ಮಗಳು, ಸಮುದ್ರವನ್ನು ಒಳಗಿನಿಂದ ನೋಡಿಯೇ ಇಲ್ಲದ ಹೆಂಡತಿ. ನನ್ನ ನಿಜ ಇವರನ್ನೆಲ್ಲ ನೋಯಿಸುತ್ತದೆ, ಆದ್ದರಿಂದ ಹೇಳದಿರುವುದೇ ಧರ್ಮ. ವಾದ ಚೆನ್ನಾಗಿದೆ. ಆದರೆ ಕೌಶಿಕ ಕಾಪಾಡಬೇಕಾಗಿದ್ದದ್ದು ಪೊದೆಯಲ್ಲಿ ಅಡಗಿದ್ದ ಅಪರಿಚಿತರನ್ನು. ನಾನು ಕಾಪಾಡಿದ್ದು ನನ್ನವರ ರಜೆಯನ್ನು, ಅಪರಿಚಿತರ ಲೆಕ್ಕದಲ್ಲಿ. ನಮ್ಮ ಸತ್ಯದ ಕಥೆಗಳಲ್ಲಿ ಎದುರಿಗೆ ಯಾವಾಗಲೂ ಒಬ್ಬ ಹುಲಿಯೋ ವಿಶ್ವಾಮಿತ್ರನೋ ನಿಂತಿರುತ್ತಾನೆ, ಅವನ ಮುಖ ಕಾಣುತ್ತದೆ. ಫೋನಿನ ಮೇಲಿನ 'ಹೌದು' ಮತ್ತು 'ಇಲ್ಲ'ಗಳ ಹಿಂದೆ ಮುಖವಿಲ್ಲ. ಹಾಗಾಗಿ ನಾಚಿಕೆಯೂ ಆಗಲಿಲ್ಲ.

ಮುಖ ಕಂಡದ್ದು ಮೂರನೆಯ ದಿನ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವನು ಇಂಡೋನೇಷಿಯಾದ ಹುಡುಗ, ಮೂವತ್ತರ ಒಳಗಿನವನು. ದಿನಕ್ಕೆರಡು ಸಲ ಬಂದು ಹಾಸಿಗೆ, ಬಚ್ಚಲು ಎಲ್ಲವನ್ನೂ ಚೊಕ್ಕ ಮಾಡಿ, ಸಂಜೆ ಟವೆಲನ್ನು ಮಡಿಸಿ ಪ್ರಾಣಿ ಮಾಡಿಟ್ಟು ಹೋಗುತ್ತಿದ್ದ. ಎರಡನೆಯ ಸಂಜೆ ಇಟ್ಟದ್ದು ಆನೆ. (ಇರುವ ಪ್ರಾಣಿಗಳಲ್ಲಿ ಆನೆಯೇ ಆಗಬೇಕಿತ್ತೆ!) ಮೊಮ್ಮಗಳು ಅದನ್ನು ಕೆಡಿಸಲು ಬಿಡದೆ ಕುರ್ಚಿಯ ಮೇಲೆ ಕೂರಿಸಿದಳು. ಮೂರನೆಯ ಬೆಳಗ್ಗೆ, ಹಡಗು ಕೊಜುಮೆಲ್‌ನಲ್ಲಿ ನಿಂತಿದ್ದಾಗ, ಬೇರೆ ಹುಡುಗ ಬಂದ. ಮೊದಲಿನವನು ಎಲ್ಲಿ ಎಂದು ಹೆಂಡತಿ ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ಅವನಿಗೆ ಹುಷಾರಿಲ್ಲ ಮೇಡಂ, ರೆಸ್ಟ್ ಅಂದ. ಅಷ್ಟೇ. ಜ್ವರವೋ ಬೆನ್ನುನೋವೋ, ಅವನ ಕೈಗೆ ನನ್ನ ಬಚ್ಚಲಿನಿಂದ ಏನಾದರೂ ಅಂಟಿತೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಎನ್ನುವುದೇ ಸರಿ. ಇಳಿಯುವ ದಿನದವರೆಗೂ ಅವನು ಕಾಣಲಿಲ್ಲ. ಅವನಿಗೆಂದು ಲಕೋಟೆಯಲ್ಲಿಟ್ಟಿದ್ದ ದುಡ್ಡನ್ನು ಎರಡನೆಯವನ ಕೈಗೆ ಕೊಟ್ಟು, ದಯವಿಟ್ಟು ತಲುಪಿಸು ಎಂದೆ. ಲಕೋಟೆಯಲ್ಲಿ ನಾನು ಮೊದಲು ಅಂದುಕೊಂಡದ್ದಕ್ಕಿಂತ ಇಪ್ಪತ್ತು ಡಾಲರ್ ಹೆಚ್ಚಿತ್ತು. ಅದು ಯಾವ ಬಾಬ್ತು ಎಂದು ಮಗನಿಗೆ ಹೇಳಲಿಲ್ಲ.

ಫಲ ನಮ್ಮ ಕೈಯಲ್ಲಿಲ್ಲದಿದ್ದರೂ ಹೊಣೆ ಹೇಗೆ ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಎಂಬ ತತ್ತ್ವಜ್ಞಾನಿಗಳು 1976ರಲ್ಲಿ ಚರ್ಚಿಸಿ 'ನೈತಿಕ ಅದೃಷ್ಟ' ಎಂಬ ಮಾತನ್ನು ಚಲಾವಣೆಗೆ ತಂದರು. ಹುಡುಗನಿಗೆ ಬರೀ ಬೆನ್ನುನೋವು ಆಗಿದ್ದರೆ ನಾನು ಅದೃಷ್ಟವಂತ, ಇಲ್ಲದಿದ್ದರೆ ತಪ್ಪಿತಸ್ಥ. ನನಗೆ ಈ ಲೆಕ್ಕ ಒಗ್ಗುವುದಿಲ್ಲ. ಎರಡರಲ್ಲೂ 'ಹೂಂ' ಅಂದದ್ದು ಒಂದೇ 'ಹೂಂ'. ಆದರೂ ರಾತ್ರಿ ನಿದ್ದೆ ಬಾರದಾಗ ನಾನು ಹಾರೈಸುವುದು ಬೆನ್ನುನೋವನ್ನೇ.

ಮಗ ಈ ಪತ್ರಿಕೆಯನ್ನು ಪ್ರತಿ ವಾರ ಓದುತ್ತಾನೆ. ಹಾಗಾಗಿ ಇದನ್ನು ಕಳಿಸುವ ಮೊದಲು, ಹೋದ ಭಾನುವಾರ, ಅವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನನಗೆ ಗೊತ್ತಿತ್ತು ಅಪ್ಪ," ಅಂದ. "ಆ ಹೋಟೆಲ್ ಗೋಡೆ ಕಾರ್ಡ್‌ಬೋರ್ಡ್ ಇದ್ದ ಹಾಗೆ ಇತ್ತು. ರಾತ್ರಿಯೆಲ್ಲ ಕೇಳಿಸ್ತು. ಅದಕ್ಕೇ ನಾನು ವಾಂತಿ ಆಯ್ತಾ ಅಂತ ಕೇಳಲಿಲ್ಲ, ಹುಷಾರಾ ಅಂತ ಕೇಳಿದೆ."

ಪಕ್ಕದಲ್ಲಿದ್ದ ಹೆಂಡತಿ ಫೋನು ಈಸಿಕೊಂಡು, ಮೊಮ್ಮಗಳಿಗೆ ಪರೀಕ್ಷೆ ಯಾವಾಗ ಎಂದು ಕೇಳಿದಳು.