ತಪ್ಪಿತಸ್ಥನಾಗಿದ್ದರೆ ಕೊಲ್ಲಬಹುದೇ?

ಗುಂಪೊಂದು ಒಬ್ಬನನ್ನು ಬಡಿದು ಕೊಂದಿತೆಂಬ ಸುದ್ದಿ ಬಂದಾಗ ನಾವು ಮೊದಲು ಕೇಳುವುದು, ‘ಅವನು ಏನು ಮಾಡಿದ್ದ?’ ಸಖರಾಯಪಟ್ಟಣದ ಚಹಾದಂಗಡಿಯಲ್ಲೂ ಇದೇ ಪ್ರಶ್ನೆ, ಬೆಂಗಳೂರಿನಲ್ಲೂ ಇದೇ. ಅಪಾಯ ಅಡಗಿರುವುದೂ ಈ ಪ್ರಶ್ನೆಯಲ್ಲೇ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಗೆಳೆಯರ ಗುಂಪು ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು ವಾಟ್ಸಪ್ಪಿನಲ್ಲಿ ಅಪಹರಣವಾಗಿ ಹಬ್ಬಿತ್ತು. ‘ಪಾಪ, ನಿರಪರಾಧಿ’ ಎಂದು ನಾವೆಲ್ಲ ಮರುಗಿದೆವು. ಆತ ನಿಜಕ್ಕೂ ಕಳ್ಳನಾಗಿದ್ದರೆ ಕೊಲ್ಲಬಹುದಿತ್ತೇ?

ಅಮೇರಿಕದ ಕರಿಯ ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಿಂದ ಇಂತಹ ಗುಂಪು ಹತ್ಯೆಗಳನ್ನು ಒಂದೊಂದಾಗಿ ಕೆದಕಿ, ಆರೋಪಗಳ ಟೊಳ್ಳುತನವನ್ನು ಬಯಲಿಗೆಳೆದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ; ಆರೋಪಿ ಯಾರೇ ಆಗಿರಲಿ, ಅವನಿಗೆ ನ್ಯಾಯಯುತ ವಿಚಾರಣೆ ಬೇಕೆಂದರು. ಎನ್‌ಎಎಸಿಪಿ ಸಂಘಟನೆ 1919ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1889ರಿಂದ 1918ರವರೆಗೆ ಹೀಗೆ ಹತರಾದವರು 3,224 ಮಂದಿ. ಅವರಲ್ಲಿ 702 ಮಂದಿ ಬಿಳಿಯರು. ವರ್ಣದ್ವೇಷ ಕಲಿಸಿದ ಚಾಳಿ ಬಿಳಿಯರನ್ನೂ ಬಿಡಲಿಲ್ಲ. ಇದರ ವಿರುದ್ಧದ ಮಸೂದೆ 1922ರಲ್ಲಿ ಕೆಳಮನೆಯನ್ನು ದಾಟಿ ಸೆನೆಟಿನಲ್ಲಿ ಬಿದ್ದುಹೋಯಿತು. ಒಕ್ಕೂಟದ ಕಾನೂನು ಬಂದದ್ದು 2022ರಲ್ಲಿ!

ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಪವಿತ್ರ ಕುರ್‌ಆನ್ ತಾಕೀತು ಮಾಡುತ್ತದೆ. ಪರಿಶೀಲನೆಗೆ ಸಮಯ ಬೇಕು, ಆರೋಪಿ ಜೀವಂತವಿರಬೇಕು. ಅವನು ನಿರಪರಾಧಿಯೋ ಅಲ್ಲವೋ ಎಂಬುದು ತಿಳಿಯುವುದೇ ವಿಚಾರಣೆಯ ಕೊನೆಯಲ್ಲಿ. ಆದುದರಿಂದ ನಿರಪರಾಧಿಗಳಿಗಾಗಿ ಮಾತ್ರ ದನಿಯೆತ್ತುವವರು ನಿರಪರಾಧಿಗಳನ್ನೂ ಉಳಿಸಲಾರರು. ಆರೋಪಿ ನಮ್ಮವನಲ್ಲದಾಗ, ಆರೋಪ ನಿಜವೆನಿಸಿದಾಗಲೂ ‘ಪೊಲೀಸರಿಗೆ ಒಪ್ಪಿಸಿ’ ಎನ್ನಲು ನಮ್ಮಿಂದಾಗುವುದೇ? ನಮ್ಮ ನ್ಯಾಯಪ್ರಜ್ಞೆಯ ಪರೀಕ್ಷೆ ಅಲ್ಲಿದೆ.